ಬಂಡೆಯ ಮಾತಿಗೆ ಕಿವಿಗೊಡದಿದ್ದರೆ

ನೆಲದಡಿಯಲ್ಲಿ ತೈಲವು ಕೆರೆಯ ನೀರಿನಂತೆ ನಿಂತಿರುತ್ತದೆ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಅಡಗಿರುವುದು ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ. ತೈಲ ಸುಲಭವಾಗಿ ಹರಿದುಬರುವುದೋ, ಇಲ್ಲವೋ ಎಂಬುದನ್ನೂ, ಅದಕ್ಕಾಗಿ ನೆಲ ತೆರಬೇಕಾದ ಬೆಲೆಯನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಬಂಡೆಯ ಜಾತಿಯೇ. ಅಮೆರಿಕದ ಪಶ್ಚಿಮ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋಗಳಲ್ಲಿ ಹಬ್ಬಿರುವ ಪರ್ಮಿಯನ್ ಬೇಸಿನ್ ಇದಕ್ಕೆ ಸ್ಪಷ್ಟ ನಿದರ್ಶನ.

ಸುಮಾರು 26 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಒಳಗಡಲಿತ್ತು. ಅಂಚಿನಲ್ಲಿ ಆಳವಿಲ್ಲದ ಜಗುಲಿ, ನಡುವೆ ಆಳವಾದ ತಗ್ಗು. ಜಗುಲಿಯ ಸುಣ್ಣಕಲ್ಲು ಅನೇಕ ಕಡೆ ಡಾಲಮೈಟ್ ಆಗಿ ಮಾರ್ಪಟ್ಟು ರಂಧ್ರಗಳನ್ನು ಉಳಿಸಿಕೊಂಡಿತು. ಬಿಗಿಯಾದ ಪದರಗಳು ಮೇಲೆ ಮುಚ್ಚಳವಾದವು. ಇಂಥದೇ ಜಗುಲಿಯಂಚಿನ ಇನ್ನೂ ಹಳೆಯ ಡಾಲಮೈಟ್ ದಿಬ್ಬದಲ್ಲಿ 1957ರಲ್ಲಿ ಎಂಪೈರ್ ಅಬೋ ತೈಲಕ್ಷೇತ್ರ ಪತ್ತೆಯಾಯಿತು.

ಆದರೆ ರಂಧ್ರವಿದ್ದಲ್ಲೆಲ್ಲ ತೈಲವಿರುವುದಿಲ್ಲ. ಸ್ಪಂಜುಜೀವಿಗಳೂ ಪಾಚಿಗಳೂ ಅದೇ ಕಡಲಂಚಿನಲ್ಲಿ ಕಟ್ಟಿದ ಕ್ಯಾಪಿಟನ್ ದಿಬ್ಬದಲ್ಲಿ ತೈಲಕ್ಕಿಂತ ನೀರೇ ಹೆಚ್ಚು. ಕಾರ್ಲ್ಸ್‌ಬ್ಯಾಡ್ ನಗರ ಕುಡಿಯುವುದು ಆ ಬಂಡೆಯ ನೀರನ್ನೇ. ಅದರ ಒಂದು ಭಾಗ ಮೇಲೆದ್ದು ಗ್ವಾಡಲೂಪ್ ಬೆಟ್ಟಸಾಲಾಗಿದೆ; 2667 ಮೀಟರ್ ಎತ್ತರದ ಅದರ ಶಿಖರ ಟೆಕ್ಸಾಸ್‌ನಲ್ಲೇ ಅತ್ಯುನ್ನತ. ತೈಲ ನೀಡದ ಬಂಡೆ ನಿರುಪಯುಕ್ತವೆಂದು ಹೇಳಬಲ್ಲವರಾರು?

ತಗ್ಗಿನ ಕಥೆಯೇ ಬೇರೆ. ಅಲ್ಲಿಯ ಜೇಡಿಶಿಲೆಯಲ್ಲಿ ತೈಲ ಧಾರಾಳವಾಗಿದೆ, ಹರಿಯಲು ದಾರಿಯಿಲ್ಲ. ಆದ್ದರಿಂದ ಅಡ್ಡಬಾವಿ ಕೊರೆದು, ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಸೀಳುತ್ತಾರೆ. ಈ ವಿಧಾನದ ಬಲದಿಂದಲೇ 2024ರಲ್ಲಿ ಅಮೆರಿಕದ ಕಚ್ಚಾತೈಲದ ಸುಮಾರು ಅರ್ಧಭಾಗ ಈ ಬೇಸಿನ್ ಒಂದರಿಂದಲೇ ಬಂದಿತು. ಆದರೆ ಪಶ್ಚಿಮದ ಡೆಲವೇರ್ ತಗ್ಗಿನಲ್ಲಿ ಒಂದು ಪೀಪಾಯಿ ತೈಲದೊಡನೆ ಮೂರು-ನಾಲ್ಕು ಪೀಪಾಯಿ ಉಪ್ಪುನೀರು ಮೇಲೆ ಬರುತ್ತದೆ. ಅದರ ಬಹುಪಾಲನ್ನು ಮತ್ತೆ ನೆಲದೊಳಕ್ಕೇ ತುಂಬುತ್ತಾರೆ. ಒತ್ತಡ ಹೆಚ್ಚಿ ಹಳೆಯ ಬಿರುಕುಗಳು ಜಾರುತ್ತವೆ. 2022ರ ನವೆಂಬರ್ 16ರಂದು ಅಲ್ಲಿ 5.4 ತೀವ್ರತೆಯ ಭೂಕಂಪವಾಯಿತು. ಕೆಲವು ವಲಯಗಳಲ್ಲಿ ಆಳಕ್ಕೆ ಉಪ್ಪುನೀರು ತುಂಬುವುದನ್ನೇ ನಿಯಂತ್ರಕರು ತಡೆಯಬೇಕಾಯಿತು.

ತಂತ್ರಜ್ಞಾನ ಬಂಡೆಯನ್ನು ಗೆದ್ದಿತು ಎನ್ನುವವರಿದ್ದಾರೆ. ಗೆದ್ದದ್ದಲ್ಲ, ಸಾಲ ಪಡೆದದ್ದು. ಸಾಲದ ಲಾಭ ಎಲ್ಲಿಗೋ ಹೋಗುತ್ತದೆ, ಬಡ್ಡಿ ಕಟ್ಟುವವರು ಆ ನೆಲದ ಮೇಲೆ ಮನೆ ಕಟ್ಟಿಕೊಂಡವರು.

ನಮ್ಮ ಸಹ್ಯಾದ್ರಿಯ ಗಟ್ಟಿ ಶಿಲೆಗಳಲ್ಲಿ ತೈಲವಿಲ್ಲ. ಆದರೆ ಗುಡ್ಡವನ್ನು ಸೀಳುವ ರಸ್ತೆ, ಸುರಂಗ, ಗಣಿಗಳಿವೆ. ಯೋಜನೆ ಯಾವುದೇ ಇರಲಿ, ಮೊದಲ ಗುದ್ದಲಿ ಬೀಳುವ ಮುನ್ನ ಮೂರು ಪ್ರಶ್ನೆ ಕೇಳೋಣ: ಇಲ್ಲಿಯ ಬಂಡೆ ಯಾವುದು? ಅದರೊಳಗಿನ ನೀರು ಎಲ್ಲಿಗೆ ಹರಿಯುತ್ತದೆ? ಅದು ಒಡೆದರೆ ಹೊಣೆ ಯಾರದು? ಉತ್ತರ ಕನ್ನಡದಲ್ಲಿ ಬರಲಿ, ಗ್ರಾಮಸಭೆಯ ಮುಂದೆ ಬರಲಿ. ಉತ್ತರ ದೊರೆಯುವವರೆಗೆ ಒಪ್ಪಿಗೆಯ ಸಹಿ ಬೇಡ.