ನಮ್ಮ ಬೂತ್‌ಗೂ ಬಣ್ಣ ಬಳಿಯುವ ಆಟ

ಫ್ರೀ ಫೈರ್ ಆಡುವ ನಮ್ಮ ಕಡೆ ಹುಡುಗರಿಗೆ ಎಲೆಕ್ಷನ್ ಆಟವೂ ಇದೆ ಅಂದರೆ ನಗು ಬರಬಹುದು. ಆದರೆ ಇದೆ. 1981ರಲ್ಲೇ ಅಮೆರಿಕದಲ್ಲಿ ‘ಪ್ರೆಸಿಡೆಂಟ್ ಎಲೆಕ್ಟ್’ ಎಂಬ ಕಂಪ್ಯೂಟರ್ ಆಟ ಬಂದಿತ್ತು. 2004ರಲ್ಲಿ ಶುರುವಾದ ‘ದ ಪೊಲಿಟಿಕಲ್ ಮಷಿನ್’ ಅಲ್ಲಿನ ಪ್ರತಿ ಅಧ್ಯಕ್ಷೀಯ ಚುನಾವಣೆಗೂ ಹೊಸ ರೂಪದಲ್ಲಿ ಬರುತ್ತಿದೆ.

ಆಟ ಸರಳ. ನೀವೇ ಅಭ್ಯರ್ಥಿ. ದುಡ್ಡು ಎತ್ತಬೇಕು, ಕಚೇರಿ ತೆರೆಯಬೇಕು, ಜಾಹೀರಾತು ಕೊಡಬೇಕು, ರಾಜ್ಯದಿಂದ ರಾಜ್ಯಕ್ಕೆ ಓಡಾಡಬೇಕು. ಒಟ್ಟು 538 ಎಲೆಕ್ಟೊರಲ್ ಮತಗಳಲ್ಲಿ 270 ಸಿಕ್ಕರೆ ಗೆಲುವು. ಬಹುತೇಕ ರಾಜ್ಯಗಳಲ್ಲಿ ಒಂದು ಓಟು ಜಾಸ್ತಿ ಪಡೆದವರಿಗೇ ಆ ರಾಜ್ಯದ ಅಷ್ಟೂ ಮತ. ಹಾಗಾಗಿ ಆಡುವವರು ಬೇಗ ಒಂದು ಪಾಠ ಕಲಿಯುತ್ತಾರೆ. ಖಂಡಿತ ಗೆಲ್ಲುವ ಕಡೆ ಹೋಗಬೇಡ, ಖಂಡಿತ ಸೋಲುವ ಕಡೆಯೂ ಹೋಗಬೇಡ. ಅತ್ತಿತ್ತ ತೂಗುವ ನಾಲ್ಕಾರು ರಾಜ್ಯಗಳಿಗೇ ದುಡ್ಡು ಸುರಿ.

ಕಟ್ಟೆಮಳಲವಾಡಿ ತಂಬಾಕು ಮಾರುಕಟ್ಟೆಯಲ್ಲಿ ಬೇಲುಗಳಿಗೆ ಗ್ರೇಡ್ ಹಾಕುತ್ತಾರಲ್ಲ, ಈ ಆಟ ಮತದಾರರಿಗೆ ಹಾಗೇ ಗ್ರೇಡ್ ಹಾಕುತ್ತದೆ.

ಅದು ಅಮೆರಿಕದ ಕತೆ, ನಮಗೇನು ಅಂತೀರಾ? ನಮ್ಮಲ್ಲಿ ಇದು ಬೂತ್ ಮಟ್ಟಕ್ಕೇ ಇಳಿದಿದೆ. ಮತಪತ್ರದ ಕಾಲದಲ್ಲಿ ಹಲವು ಬೂತ್‌ಗಳ ಮತಪತ್ರ ಬೆರೆಸಿ ಎಣಿಸಲು ಅವಕಾಶವಿತ್ತು. ಈಗ ಒಂದೊಂದು ಬೂತಿನ ಯಂತ್ರವನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದು ಫಾರಂ 20ರಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಓಟು ಗುಟ್ಟು, ನಿಮ್ಮ ಕೇರಿಯ ಓಟು ಗುಟ್ಟಲ್ಲ. ‘ನಿಮ್ಮ ಬೀದಿಯವರು ನಮಗೆ ಹಾಕಿಲ್ಲ ಬಿಡಿ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

2023ರ ವಿಧಾನಸಭಾ ಚುನಾವಣೆಯಲ್ಲಿ ಹುಣಸೂರಿನಲ್ಲಿ ಜಿ.ಡಿ. ಹರೀಶ್‌ಗೌಡ ಅವರು ಎಚ್.ಪಿ. ಮಂಜುನಾಥ್ ಅವರನ್ನು ಸೋಲಿಸಿದ್ದು ಮೂರು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ. ಇಷ್ಟು ಬಿಗಿ ಪೈಪೋಟಿ ಇರುವ ಕಡೆ ಪ್ರತಿ ಬೂತಿನ ಲೆಕ್ಕವನ್ನೂ ಪಕ್ಷಗಳು ಐದು ವರ್ಷ ನೆನಪಿಟ್ಟುಕೊಳ್ಳುತ್ತವೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಟೋಟಲೈಸರ್ ಎಂಬ ಸಾಧನದಿಂದ 14 ಬೂತ್‌ಗಳ ಯಂತ್ರಗಳ ಮತ ಒಟ್ಟಿಗೆ ಎಣಿಸಬಹುದು. ಚುನಾವಣಾ ಆಯೋಗ 2008ರಲ್ಲೇ ಇದನ್ನು ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್‌ವಾರು ಲೆಕ್ಕ ಸಿಕ್ಕರೆ ಯಾವ ಜಾಗದಲ್ಲಿ ಹೆಚ್ಚು ಕೆಲಸ ಮಾಡಬೇಕೆಂದು ಪಕ್ಷಗಳಿಗೆ ತಿಳಿಯುತ್ತದೆ ಎಂಬುದು ಅದರ ವಾದ. ಓಟು ಬೀಳದ ಕೇರಿಗೆ ಹೆಚ್ಚು ಕೆಲಸ ಮಾಡಿಕೊಟ್ಟವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ? ಎಣಿಕೆ ಬಗ್ಗೆ ತಕರಾರು ಬಂದರೆ ಒಂದೊಂದು ಯಂತ್ರದಲ್ಲೂ ಲೆಕ್ಕ ಇದ್ದೇ ಇರುತ್ತದೆ. ಆದ್ದರಿಂದ ಟೋಟಲೈಸರ್ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಹುಡುಗರು ಈ ಆಟ ಆಡಿದರೆ ಬೇಡ ಅನ್ನಬೇಡಿ. ಪ್ರಚಾರ ಮಾಡುವವರ ಕುರ್ಚಿಯಲ್ಲಿ ಕೂತು ನೋಡಿದರೆ ನಾವು ಅವರಿಗೆ ಹೇಗೆ ಕಾಣುತ್ತೇವೆ ಎಂಬುದು ಅರ್ಥವಾಗುತ್ತದೆ. ಆದರೆ ಆಟ ಫಲಿತಾಂಶದ ದಿನ ಮುಗಿಯುತ್ತದೆ, ನಮ್ಮ ಪಾಡು ಅಂದು ಶುರುವಾಗುತ್ತದೆ. ಮುಂದಿನ ಸಲ ಓಟು ಕೇಳಲು ಬಂದವರನ್ನು ಒಂದು ಮಾತು ಕೇಳಿ: ‘ಹೋದ ಸಲ ನಮ್ಮ ಬೂತಲ್ಲಿ ನಿಮಗೆಷ್ಟು ಬಿತ್ತು ಅಂತ ಗೊತ್ತಿದೆಯಲ್ಲ ಸ್ವಾಮಿ, ನಮ್ಮ ಚರಂಡಿ ಎಷ್ಟು ದಿನದಿಂದ ಕಟ್ಟಿಕೊಂಡಿದೆ ಅಂತ ಗೊತ್ತಾ?’