ಮಾಧ್ಯಮದ ಪಾಠದಲ್ಲಿ ಕೇಳುಗ ಎಲ್ಲಿ?

1940ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಅಮೆರಿಕದ ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 600 ಮತದಾರರನ್ನು ಆರಿಸಿಕೊಂಡು, ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಳ ಪ್ರಚಾರಕ್ಕೆ ಮತ ಬದಲಾದವರು ತೀರಾ ಕಡಿಮೆ. ತಮ್ಮ ನಡುವಿನ ತಿಳಿದವರ ಮಾತಿಗೇ ಜನ ಹೆಚ್ಚು ಕಿವಿಗೊಟ್ಟಿದ್ದರು. ‘ಎರಡು ಹಂತದ ಹರಿವು’ ಎಂಬ ಹೆಸರಿನಲ್ಲಿ ಇದು ನಮ್ಮ ಪತ್ರಿಕೋದ್ಯಮ ವಿದ್ಯಾರ್ಥಿಗಳ ಪರೀಕ್ಷೆಗೂ ಬರುತ್ತದೆ. ಆದರೆ ಸವದತ್ತಿ ತಾಲ್ಲೂಕಿನ ಚಚಡಿಯಲ್ಲಿ ಒಂದು ಸುದ್ದಿ ಯಾರಿಂದ ಯಾರಿಗೆ ಹರಿಯುತ್ತದೆ, ದಾರಿಯಲ್ಲಿ ಹೇಗೆ ಬಣ್ಣ ಬದಲಿಸುತ್ತದೆ ಎಂಬ ಪ್ರಶ್ನೆಗೆ ಆ ಪಠ್ಯದಲ್ಲಿ ಉತ್ತರವಿಲ್ಲ. ಸುದ್ದಿ ಬರೆಯುವುದು, ಕ್ಯಾಮೆರಾ ಹಿಡಿಯುವುದು, ಸಂಕಲಿಸುವುದು ಇಷ್ಟನ್ನು ನಮ್ಮ ವಿಭಾಗಗಳು ಶ್ರದ್ಧೆಯಿಂದ ಕಲಿಸುತ್ತವೆ. ಕೇಳುವವನು, ನೋಡುವವಳು ಮಾತ್ರ ತರಗತಿಯ ಹೊರಗೇ ಉಳಿದಿದ್ದಾರೆ. ಅವರನ್ನು ಒಳಗೆ ತರದ ಮಾಧ್ಯಮ ಶಿಕ್ಷಣ ಅರ್ಧ ಶಿಕ್ಷಣ ಎಂಬುದು ನನ್ನ ವಾದ.

ಈ ಸೀಮೆಗೆ ಸಂವಹನ ಹೊಸದಲ್ಲ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು 1843ರಲ್ಲಿ. ಪತ್ರಿಕೆಯೇ ಇಲ್ಲದ ಕಾಲದ ಆ ಸುದ್ದಿಯನ್ನು ಊರೂರಿಗೆ ಒಯ್ದು ತಲೆಮಾರುಗಳ ಕಾಲ ಜೀವಂತ ಇಟ್ಟವರು ಲಾವಣಿಕಾರರು. ಬೈಲಹೊಂಗಲದ ಕಥೆಯೆಂದೇ ಹೆಸರಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿತು. ಹರದೇಶಿ–ನಾಗೇಶಿ ಮೇಳಗಳು ಎದುರುಬದುರು ನಿಂತಾಗ ಕೂತವರ ಕೇಕೆ, ಮೌನ, ಎದ್ದುಹೋಗುವಿಕೆ ಎಲ್ಲವೂ ಮುಂದಿನ ಹಾಡನ್ನು ತಿದ್ದುತ್ತಿದ್ದವು. ತಯಾರಿಕೆ, ಪ್ರೇಕ್ಷಕ, ಪರಿಣಾಮ ಎಂದು ಇಂದಿನ ಪಠ್ಯ ಮೂರು ಕಡೆ ಹಂಚಿಟ್ಟದ್ದು ಅಲ್ಲಿ ಒಂದೇ ರಾತ್ರಿಯಲ್ಲಿ, ಒಂದೇ ಕಟ್ಟೆಯ ಮೇಲೆ ನಡೆಯುತ್ತಿತ್ತು. ಜಾನಪದ ಅಧ್ಯಯನ ಈ ಹಾಡುಗಳ ಪಠ್ಯವನ್ನು ಪ್ರೀತಿಯಿಂದ ಸಂಗ್ರಹಿಸಿದೆ. ಅವನ್ನು ಕೇಳಿದವರ ಬಗ್ಗೆ ಕೇಳಬೇಕಾದ ಪ್ರಶ್ನೆ ಮಾಧ್ಯಮ ವಿದ್ಯಾರ್ಥಿಯದು.

ಇದು ನಮ್ಮಿಂದ ಆಗದ ಕೆಲಸವೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತ್ತು. ನಮ್ಮಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಪ್ರಯೋಗಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಸಮೀಕ್ಷೆ ಮಾಡಿದರು. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಉಳಿದು ಗಮನಿಸಿದರು. ಆರೋಗ್ಯದ ತಿಳಿವಳಿಕೆ ಹೆಚ್ಚಿದ್ದು ಕಂಡಿತು. ಬೇಸಾಯದ ರೂಢಿಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ‘ಟಿವಿ ಬಂತು, ಜನ ಬದಲಾದರು’ ಎಂಬ ಸಲೀಸು ಮಾತನ್ನು ಆ ಹಳ್ಳಿಗಳೇ ತಿದ್ದಿದವು. ಸುಮಾರು ಐವತ್ತು ವರ್ಷದ ಹಿಂದೆ ವಿಜಯಪುರದಲ್ಲಿ ಸಾಧ್ಯವಾದದ್ದು ಇಂದು ಸವದತ್ತಿಯಲ್ಲಿ ಯಾಕಾಗಬಾರದು?

ಅಗತ್ಯವಂತೂ ಆಗಿಗಿಂತ ಈಗ ಹೆಚ್ಚು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಅಮಾಯಕ ಯುವಕ ಬಲಿಯಾದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಘೋಷಿಸಿತು. ಆದರೆ ಸಂದೇಶವನ್ನು ನಂಬಿದ ಕಿವಿಗಳ ಸಂಗತಿ ಆ ಮಿತಿಯಿಂದ ತಿಳಿಯುವಂಥದ್ದಲ್ಲ. ಮರುವರ್ಷ, 2019ರ ಆಗಸ್ಟ್‌ನಲ್ಲಿ, ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆಯ ದಂಡೆಯ ಮುನವಳ್ಳಿ, ರಾಮದುರ್ಗ ಭಾಗ ಮುಳುಗಿತು. ಆ ರಾತ್ರಿಗಳಲ್ಲಿ ಜನ ನಂಬಿದ್ದು ಟಿವಿಯನ್ನೋ, ಡಂಗುರವನ್ನೋ, ಫೋನಿಗೆ ಬಂದ ವಿಡಿಯೊವನ್ನೋ, ಮೇಲಿನ ಊರಿನ ನೆಂಟರ ಕರೆಯನ್ನೋ? ಮುಂದಿನ ನೆರೆಯಲ್ಲಿ ಜೀವ ಉಳಿಸಬಲ್ಲ ಪ್ರಶ್ನೆ ಇದು. ಒಂದು ಪಿಎಚ್.ಡಿ. ಪ್ರಬಂಧಕ್ಕೆ ಇದಕ್ಕಿಂತ ಘನವಾದ ವಿಷಯ ಬೇಕೇ?

ವಿದ್ಯಾರ್ಥಿಗೆ ಬೇಕಾದದ್ದು ನೌಕರಿ, ಸಂಶೋಧನೆಯಲ್ಲ ಎಂಬ ಆಕ್ಷೇಪವಿದೆ. ಬಡ ಮನೆಗಳಿಂದ ಬರುವ ಮಕ್ಕಳ ಮಟ್ಟಿಗೆ ಅದನ್ನು ತಳ್ಳಿಹಾಕಲಾಗದು. ಆದರೆ ಸಂಕಲನದ ತಂತ್ರಾಂಶ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ; ಜನರನ್ನು ಮಾತಾಡಿಸಿ ಅರಿಯುವ ಕಸುಬು ಹಳೆಯದಾಗುವುದಿಲ್ಲ. ಅದು ಸುದ್ದಿಮನೆಗೂ ಬೇಕು, ಜಾಹೀರಾತಿಗೂ ಬೇಕು, ಆರೋಗ್ಯ ಇಲಾಖೆಗೂ ಬೇಕು. ಪ್ರೇಕ್ಷಕರನ್ನು ಅಳೆಯಲು ಟಿಆರ್‌ಪಿ ಇದೆಯಲ್ಲ ಎನ್ನುವವರೂ ಇದ್ದಾರೆ. ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಎನ್ನುವುದಷ್ಟೇ ಅದರ ಲೆಕ್ಕ. ಅಕ್ರಮದ ಆರೋಪ ಬಂದಾಗ ಸುದ್ದಿ ಚಾನೆಲ್‌ಗಳ ಆ ಲೆಕ್ಕವೂ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನಿಂತುಹೋಗಿತ್ತು. ಕನ್ನಡ, ಮರಾಠಿ ಎರಡನ್ನೂ ಆಲಿಸುವ ಬೆಳಗಾವಿ ಜಿಲ್ಲೆಯ ಮನೆಯಲ್ಲಿ ಯಾವ ಭಾಷೆಯ ಮಾತು ಮನಸ್ಸಿಗಿಳಿಯಿತು ಎಂಬುದನ್ನು ಯಂತ್ರ ಹೇಳಲಾರದು. ಫೋನಿನ ದತ್ತಾಂಶವನ್ನು ಕಂಪನಿಗಳು ಬಿಟ್ಟುಕೊಡುವುದಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೂ ಈರಿ ಕೌಂಟಿಯಲ್ಲಿ ಯಾರ ದತ್ತಾಂಶವೂ ಸಿದ್ಧವಾಗಿರಲಿಲ್ಲ. ಮನೆಯ ಬಾಗಿಲು ತಟ್ಟಿಯೇ ಅದನ್ನು ತಂದರು.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ದೂರವಲ್ಲ. ಮುಂದಿನ ಪಂಚಾಯಿತಿ ಚುನಾವಣೆಗೆ ಆರು ತಿಂಗಳ ಮುಂಚೆ ಇಲ್ಲಿಯೂ 600 ಜನರನ್ನು ಆರಿಸಿ ಮಾತಾಡಿಸಲು ಶುರುಮಾಡಬಹುದು. ಅವರಲ್ಲಿ ಅರ್ಧ ಹೆಂಗಸರಿರಲಿ, ಫೋನಿಲ್ಲದವರೂ ಇರಲಿ. ಪ್ರಶ್ನೆಗಳೂ ಇಲ್ಲಿಯ ಮಾತಿನಲ್ಲೇ ಇರಲಿ. ‘ನೀವು ಬಳಸುವ ಮಾಧ್ಯಮ ಯಾವುದು’ ಎಂದರೆ ಜನ ಸುಮ್ಮನಾಗುತ್ತಾರೆ. ‘ಈ ಸುದ್ದಿ ನಿಮಗ ಯಾರು ಹೇಳಿದ್ರು, ನೀವು ಯಾರಿಗೆ ಹೇಳಿದ್ರಿ’ ಎಂದರೆ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಹೇಳುತ್ತಾರೆ.