ಬೇಟೆಯ ಬಂದೂಕಿನ ಅಂದ, ಬಸದಿಯ ಹಣ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನಿಂದ ಕಳೆದ ಕ್ಷಮಾವಣಿಯ ದಿನ ಪತ್ರವೊಂದು ಬಂದಿತು. ಕ್ಷಮೆಯ ಮಾತುಗಳಾದ ಮೇಲೆ ಅವನು ಬರೆದಿದ್ದನು: “ಮಾವ, ಹಳೆಯ ಬೇಟೆಯ ರೈಫಲ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಕೊಲ್ಲುವುದಕ್ಕಲ್ಲ, ಸಂಗ್ರಹಕ್ಕೆ. ಅದರ ತಯಾರಿಕೆ ನಿಂತುಹೋಗಿರುವುದರಿಂದ ಬೆಲೆ ಏರುವುದು ನಿಶ್ಚಿತ. ಮುಂದೆ ಮಾರಿದಾಗ ಬರುವ ಲಾಭದಲ್ಲಿ ಅರ್ಧವನ್ನು ನಮ್ಮೂರ ಬಸದಿಯ ಜೀರ್ಣೋದ್ಧಾರಕ್ಕೆ ಕೊಡುತ್ತೇನೆ. ನೀವು ವ್ಯಾಪಾರಿಗಳು, ಲೆಕ್ಕ ಬಲ್ಲವರು. ಯಾವುದನ್ನು ಆರಿಸಲಿ, ಹೇಳಿ.”

ಆ ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳನ್ನು ನೋಡುವವನು ನಾನೇ. ಮಳೆಗಾಲದಲ್ಲಿ ಅದರ ನವರಂಗ ಸೋರುತ್ತದೆ. ಹಣದ ಅಗತ್ಯ ನಿಜವಾದದ್ದು. ಆದುದರಿಂದ ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ. ಖಂಡಿಸುವವನು ತಾನು ಖಂಡಿಸುವ ವಸ್ತುವನ್ನು ಮೊದಲು ಅರಿತಿರಬೇಕು ಎಂದು ಬಗೆದು ಕೆಲವು ವಾರ ಈ ವಿಷಯವನ್ನೇ ಓದಿದೆನು.

ಅವನು ಹೆಸರಿಸಿದ್ದು ‘ಲೀವರ್ ಆಕ್ಷನ್’ ಜಾತಿಯ ಮೂರು ಬಂದೂಕುಗಳನ್ನು. ಕುದುರೆಯ ಸುತ್ತ ಕೈಬೆರಳು ತೂರುವಂತಹ ಒಂದು ಸನ್ನೆ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಬರಿದಾದ ಕಾಡತೂಸು ಹೊರಗೆ ಬೀಳುತ್ತದೆ. ಮೇಲಕ್ಕೆ ಎಳೆದರೆ ಹೊಸದೊಂದು ನಳಿಗೆಯನ್ನು ಸೇರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 94 ಹೊರಬಂದದ್ದು 1894ರಲ್ಲಿ. ನ್ಯೂಹೇವನ್ನಿನ ಕಾರ್ಖಾನೆ 2006ರಲ್ಲಿ ಮುಚ್ಚಿತು. ಮಾರ್ಲಿನ್ 336 ಬಂದದ್ದು 1948ರಲ್ಲಿ. ಇವೆರಡರಲ್ಲೂ ಕಾಡತೂಸುಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಹಿಂದಿನದರ ಮೊನೆ ಮುಂದಿನದರ ಬುಡಕ್ಕೆ ತಾಗಿ ಸಿಡಿಯಬಾರದೆಂದು ಗುಂಡಿನ ತುದಿಯನ್ನು ಮೊಂಡಾಗಿಸಬೇಕಾಯಿತು. ಆರ್ಥರ್ ಸ್ಯಾವೇಜರ 1899ರ ಮಾದರಿಯು, ಅಂದರೆ ಸ್ಯಾವೇಜ್ 99, ಈ ತೊಡಕನ್ನು ತಿರುಗುವ ಕೋಶದಿಂದ ಪರಿಹರಿಸಿತು. ಚೂಪಾದ ಗುಂಡು ಹೆಚ್ಚು ದೂರಕ್ಕೆ ನೆಟ್ಟಗೆ ಹೋಗುವುದು ಸಾಧ್ಯವಾಯಿತು. ಇನ್ನೆಷ್ಟು ಗುಂಡುಗಳು ಉಳಿದಿವೆ ಎಂಬುದನ್ನು ಎಡಮಗ್ಗುಲಿನ ಪುಟ್ಟ ಕಿಂಡಿಯಲ್ಲಿ ಹಿತ್ತಾಳೆಯ ಅಂಕೆಯೊಂದು ತೋರಿಸುತ್ತದೆ. 1990ರ ದಶಕದ ಕೊನೆಗೆ ಇದರ ತಯಾರಿಕೆಯೂ ನಿಂತಿತು.

ಇವುಗಳನ್ನು ಆರಿಸುವ ಶಾಸ್ತ್ರವೇ ಒಂದಿದೆ. ವಿಂಚೆಸ್ಟರ್ ಆದರೆ 1964ಕ್ಕಿಂತ ಹಿಂದಿನದಾಗಿರಬೇಕು. ಮಾರ್ಲಿನ್ ಆದರೆ ನಳಿಗೆಯ ಮೇಲೆ ‘ಜೆಎಂ’ ಮುದ್ರೆ ಇರಬೇಕು. ಸ್ಯಾವೇಜ್ ಆದರೆ ಅಕ್ರೋಟ್ ಮರದ ಹಿಡಿಯು ಉಕ್ಕಿನೊಡನೆ ಸೇರುವಲ್ಲಿ ಬಿರುಕು ಇರಬಾರದು. ದುರ್ಬೀನು ಕೂಡಿಸಲು ಆಮೇಲೆ ಕೊರೆದ ರಂಧ್ರವಿದ್ದರೆ ಬೆಲೆ ಇಳಿಯುತ್ತದೆ; ಉಕ್ಕಿಗೆ ಹೊಸದಾಗಿ ನೀಲಿ ಬಣ್ಣ ಏರಿಸಿದ್ದರೆ ಇನ್ನೂ ಇಳಿಯುತ್ತದೆ. ರತ್ನಪರೀಕ್ಷಕನಿಗೆ ಇರುವಷ್ಟೇ ಸೂಕ್ಷ್ಮ ದೃಷ್ಟಿ ಇದಕ್ಕೂ ಬೇಕು. ಆ ಯಂತ್ರದ ಕೌಶಲ ಬೆರಗು ಹುಟ್ಟಿಸುವಂಥದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ಪರೀಕ್ಷೆಗಳೆಲ್ಲ ಮರವನ್ನು, ಉಕ್ಕನ್ನು, ಮುದ್ರೆಯನ್ನು ಕುರಿತವು. ಈ ವಸ್ತು ಯಾವುದಕ್ಕಾಗಿ ಹುಟ್ಟಿತು ಎಂಬ ಪರೀಕ್ಷೆ ಇವುಗಳಲ್ಲಿ ಒಂದೂ ಇಲ್ಲ. ಆ ಹಿತ್ತಾಳೆಯ ಅಂಕೆಯು ಉಳಿದ ಗುಂಡುಗಳನ್ನು ಎಣಿಸುತ್ತದೆ. ಉರುಳಿದ ಜೀವಗಳನ್ನು ಎಣಿಸುವುದಿಲ್ಲ. ಲೆಕ್ಕದ ಒಂದು ಪುಟವನ್ನು ಮಾತ್ರ ತೋರಿಸಿ ಇನ್ನೊಂದನ್ನು ಮುಚ್ಚಿಡುವ ಖಾತೆಗೆ ನಮ್ಮ ವೃತ್ತಿಯಲ್ಲಿ ಏನು ಹೆಸರೆಂಬುದು ಓದುಗರಿಗೆ ಗೊತ್ತಿದೆ.

ಈಗ ಅವನ ಪಕ್ಷದ ವಾದಗಳನ್ನು ಒಂದೊಂದಾಗಿ ನೋಡೋಣ. ತಯಾರಿಕೆ ನಿಂತ ವಸ್ತುವನ್ನು ಕೊಂಡರೆ ಹೊಸ ಬಂದೂಕಿಗೆ ಪ್ರೋತ್ಸಾಹವಿಲ್ಲ ಎಂಬುದು ಮೊದಲನೆಯದು. ವಾಣಿಜ್ಯಶಾಸ್ತ್ರ ಓದಿದವನು ಇದನ್ನು ಒಪ್ಪಲಾರನು. ಹಳೆಯದರ ಮೇಲಿನ ಮೋಹ ಬಲಿತಾಗ ಮಾರುಕಟ್ಟೆ ಸುಮ್ಮನಿರುವುದಿಲ್ಲ. ನ್ಯೂಹೇವನ್ನಿನಲ್ಲಿ ನಿಂತ ವಿಂಚೆಸ್ಟರ್ 94 ನಾಲ್ಕೇ ವರ್ಷಗಳಲ್ಲಿ, 2010ರಲ್ಲಿ, ಜಪಾನಿನಲ್ಲಿ ತಯಾರಾಗಿ ಮತ್ತೆ ಬಂದಿತು. 2020ರಲ್ಲಿ ಮಾರ್ಲಿನ್ ಹೆಸರನ್ನು ಕೊಂಡ ರೂಗರ್ ಕಂಪನಿಯು 2023ರಲ್ಲಿ 336ನ್ನು ಪುನಃ ಹೊರತಂದಿತು. ನಿಂತದ್ದನ್ನು ಬಯಸುವವರ ಬಯಕೆಯೇ ಅದನ್ನು ಮತ್ತೆ ನಡೆಸುತ್ತದೆ.

ಬೇಟೆಗಾರರ ಹಣದಿಂದಲೇ ಅಲ್ಲಿನ ಕಾಡುಗಳು ಉಳಿದಿವೆ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ, ಮರೆಮಾಚುವುದು ತರವಲ್ಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ರೈಫಲ್ ಹಾಗೂ ಕಾಡತೂಸುಗಳ ಮೇಲೆ ಶೇಕಡಾ 11ರ ಅಬಕಾರಿ ಸುಂಕವಿದ್ದು, ಅದು ವನ್ಯಜೀವಿಗಳ ರಕ್ಷಣೆಗೆ ಸಲ್ಲುತ್ತದೆ. ಆದರೆ ಆ ಸುಂಕವನ್ನು ತೆರುವವನು ತಯಾರಕ ಅಥವಾ ಆಮದುದಾರ. ಕೈಯಿಂದ ಕೈಗೆ ಹೋಗುವ ಹಳೆಯ ಬಂದೂಕಿನ ಮಾರಾಟದಿಂದ ಆ ನಿಧಿಗೆ ಒಂದು ಕಾಸೂ ಸೇರದು. ಕಾಡಿನ ಮೇಲೆ ಪ್ರೀತಿಯಿದ್ದವನು ಕಾಡಿಗೇ ನೇರವಾಗಿ ದಾನ ಕೊಡಬಹುದು, ನಡುವೆ ಬಂದೂಕೇಕೆ?

ಒಳ್ಳೆಯ ಬಂದೂಕಾದರೆ ಪ್ರಾಣಿ ನರಳದೆ ಒಂದೇ ಗುಂಡಿಗೆ ಸಾಯುತ್ತದೆ ಎಂಬುದು ಮೂರನೆಯದು. ಹಾಗಿದ್ದಲ್ಲಿ ಎರಡನೆಯ ಗುಂಡನ್ನು ಕ್ಷಣಾರ್ಧದಲ್ಲಿ ಒದಗಿಸುವ ಆ ಸನ್ನೆ ಏತಕ್ಕೆ? ಮೊದಲ ಗುಂಡು ತಪ್ಪುತ್ತದೆ, ಇಲ್ಲವೆ ಗಾಯಮಾತ್ರ ಮಾಡುತ್ತದೆ ಎಂಬುದನ್ನು ಅರಿತೇ ಅದನ್ನು ರಚಿಸಿದ್ದಾರೆ.

ಕೊನೆಯ ವಾದವೇ ಮುಖ್ಯವಾದದ್ದು: “ನಾನು ಕೊಲ್ಲುವುದಿಲ್ಲ, ಗೋಡೆಗೆ ತೂಗುಹಾಕುತ್ತೇನೆ.” ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಯಶೋಧರನು ಬಲಿಯಿತ್ತದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ತಾಯಿಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ದ್ರವ್ಯಹಿಂಸೆ ಇಲ್ಲದಿದ್ದರೂ ಭಾವಹಿಂಸೆ ಬಂಧಿಸುತ್ತದೆ ಎಂಬುದೇ ಅಲ್ಲಿನ ತಾತ್ಪರ್ಯ. ಹಿಟ್ಟಿನ ಕೋಳಿಯಾದರೋ ಯಾರನ್ನೂ ಕೊಲ್ಲಲಾರದು; ಈ ಬಂದೂಕು ಇಂದಿಗೂ ಕೊಲ್ಲಬಲ್ಲದು. 1920ರಲ್ಲಿ ಇದಕ್ಕೆಂದೇ ಬಂದ .300 ಸ್ಯಾವೇಜ್ ಕಾಡತೂಸು ಈಗಲೂ ಸಿಗುತ್ತದೆ. ಸುಸ್ಥಿತಿಯಲ್ಲಿರುವುದೇ ಅದರ ಬೆಲೆಯ ಆಧಾರ. ಲಾಭಕ್ಕೆ ಮಾರಿದ ಮೇಲೆ ಕೊಂಡವನು ಅದನ್ನು ಹೊತ್ತು ಕಾಡಿಗೆ ಹೋಗುವುದನ್ನು ಯಾರು ತಡೆಯಬಲ್ಲರು?

ಆಯುಧವೆಂಬ ಮಾತ್ರಕ್ಕೆ ನಾನು ವಿರೋಧಿಸುತ್ತಿಲ್ಲ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ನಾಡನ್ನು ಕಾಯುವವನ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ನಮ್ಮ ಆಚಾರ್ಯರು ಅರಿತಿದ್ದರು. ಆದರೆ ಹೆದರಿ ಓಡುವ ಜಿಂಕೆ ಯಾರ ಮೇಲೆ ದಂಡೆತ್ತಿ ಬಂದಿದೆ? ಬೇಟೆಯು ಶುದ್ಧ ಸಂಕಲ್ಪೀ ಹಿಂಸೆ, ಸಪ್ತವ್ಯಸನಗಳಲ್ಲಿ ಒಂದು. ಅದರ ಉಪಕರಣವನ್ನು ಇನ್ನೊಬ್ಬನ ಕೈಗೆ ದಾಟಿಸುವುದನ್ನು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಹಿಂಸಾದಾನವೆಂದು ಕರೆದು ಐದು ಅನರ್ಥದಂಡಗಳಲ್ಲಿ ಸೇರಿಸಿದೆ.

ಇದನ್ನು ಬರೆಯುವ ಅಧಿಕಾರ ನನಗೆಷ್ಟು ಎಂದು ಕೇಳುವವರು ಕೇಳಲಿ. ನನ್ನ ಅಂಗಡಿಯಲ್ಲಿ ಹನ್ನೆರಡು ವರ್ಷ ಮೀನಿನ ಗಾಳಗಳನ್ನು ಮಾರಿದೆನು. “ಹಿಡಿಯುವವನು ಅವನು, ನಾನು ಕಬ್ಬಿಣ ಮಾರುವವನು” ಎಂದು ಸಮಾಧಾನ ಹೇಳಿಕೊಂಡಿದ್ದೆನು. ಒಮ್ಮೆ ಆಹಾರದಾನಕ್ಕೆಂದು ಮನೆಗೆ ಕರೆದ ತ್ಯಾಗಿಗಳೊಬ್ಬರು ಅಂಗಡಿಯನ್ನು ದಾಟಿ ಬರುವಾಗ ಆ ಪೆಟ್ಟಿಗೆಯನ್ನು ನೋಡಿ ಏನನ್ನೂ ಹೇಳದೆ ಮುಂದೆ ಹೋದರು. ಆ ಮೌನವನ್ನು ನಾನು ತಡೆಯಲಾರದಾದೆನು. ಮರುದಿನವೇ ಗಾಳಗಳ ವ್ಯಾಪಾರ ನಿಲ್ಲಿಸಿದೆನು. ವರ್ಷಕ್ಕೆ ಕಳೆದುಕೊಂಡದ್ದು ಅತ್ಯಲ್ಪ. ಅಷ್ಟು ಅಲ್ಪಕ್ಕಾಗಿ ಹನ್ನೆರಡು ವರ್ಷ ಸುಳ್ಳು ಹೇಳಿಕೊಂಡೆನಲ್ಲ ಎಂಬುದೇ ಉಳಿದ ನೋವು.

ಬಸದಿಗಳ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೆ. ದಾನದ ರಸೀದಿಯಲ್ಲಿ ಮೊತ್ತಕ್ಕೆ ಒಂದು ಅಂಕಣವಿದೆ, ದಾನಿಯ ಹೆಸರಿಗೆ ಒಂದು ಅಂಕಣವಿದೆ. ಹಣ ಬಂದ ಬಗೆಗೆ ಅಂಕಣವಿಲ್ಲ. ಎಲ್ಲರನ್ನೂ ವಿಚಾರಿಸುವುದು ಅಸಾಧ್ಯ, ಅವಮಾನಕರವೂ ಹೌದು. ಆದರೆ ದಾನಿಯೇ ಮುಂದಾಗಿ ತಿಳಿಸಿದ ಮೇಲೆ ಕೇಳಿಸಲಿಲ್ಲವೆಂದು ನಟಿಸುವುದು ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದೇ ಆಗುತ್ತದೆ. ಪಿತ್ರಾರ್ಜಿತವಾಗಿ ಬೇಟೆಯ ಬಂದೂಕು ಬಂದಿರುವ ಮನೆಗಳವರು ಅದನ್ನು ಮಾರದೆ, ಆಯಾ ದೇಶದ ಕಾನೂನಿನಂತೆ ಅಧಿಕಾರಿಗಳಿಗೆ ಒಪ್ಪಿಸಿ ನಿರುಪಯುಕ್ತಗೊಳಿಸಲಿ. ಅದರಿಂದ ಆಗುವ ನಷ್ಟವೇ ನಿಜವಾದ ದಾನ.

ಅಳಿಯನಿಗೆ ನಾನು ಹೀಗೆ ಉತ್ತರ ಬರೆದೆನು: “ಮೂರರಲ್ಲಿ ಸ್ಯಾವೇಜ್ 99 ಶ್ರೇಷ್ಠವೆಂದು ನನ್ನ ಓದು ಹೇಳುತ್ತದೆ. ಅದನ್ನು ಕೊಳ್ಳಬೇಡ. ಕೊಂಡರೆ ಅದರ ಲಾಭದ ಹಣವನ್ನು ನಾನು ಲೆಕ್ಕ ಬರೆಯುವ ಪುಸ್ತಕಕ್ಕೆ ಕಳಿಸಬೇಡ.” ಮೂರು ತಿಂಗಳಾದರೂ ಉತ್ತರ ಬಂದಿಲ್ಲ. ನವರಂಗ ಇನ್ನೂ ಸೋರುತ್ತಿದೆ. ಮುಂದಿನ ಮಳೆಗಾಲದೊಳಗೆ ಊರಿನ ಶ್ರಾವಕರು ತಲಾ ಒಂದಿಷ್ಟು ಕೂಡಿಸಿದರೆ ಅದು ನಿಲ್ಲುತ್ತದೆ. ಅಲ್ಲಿಯವರೆಗೆ ಬಿಂದಿಗೆಯೊಂದನ್ನು ಇಟ್ಟು ಮಳೆಯ ನೀರನ್ನು ಹಿಡಿಯೋಣ.